ಕೇಳಿಸಿಕೊಂಡ ಹೊತ್ತು

ಹಿರೋಳ್ಳಿಯ ಮಧುಮತಿ ಮನೆಯಲ್ಲೇ ಕೂತು ಹಳಬರ ಮಾತಿನ ಧ್ವನಿಮುದ್ರಣಗಳನ್ನು ಕೇಳಿ ಅಕ್ಷರಕ್ಕೆ ಇಳಿಸುತ್ತಿದ್ದಳು. ಕಲಬುರಗಿಯ ಒಂದು ಕಚೇರಿ ತಾಸಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಿತ್ತು. ಆದರೆ ಅವರು ಲ್ಯಾಪ್‌ಟಾಪಿಗೆ ಹಾಕಿಸಿದ್ದ ಆ್ಯಪು, ಬೆರಳು ಕೀಲಿಗಳ ಮೇಲೆ ಓಡಿದಷ್ಟು ಹೊತ್ತನ್ನು ಮಾತ್ರ ಎಣಿಸುತ್ತಿತ್ತು.

ಈ ಸಲ ಬಂದದ್ದು ಚೌಡಾಪುರದ ಮಲ್ಕಪ್ಪ ಮುತ್ಯಾನ ಮಾತು. ಹಲ್ಲಿಲ್ಲದ ಬಾಯಿ, ನಡುನಡುವೆ ಮರಾಠಿ, ನಡುನಡುವೆ ಬರೀ ಉಸಿರು. ಭೀಮಾ ಹೊಳೆಯಲ್ಲಿ ತಂಗಿ ಮುಳುಗಿದ ದಿನವನ್ನು ಹೇಳುತ್ತಿದ್ದ. ಒಂದೊಂದು ಮಾತನ್ನೂ ಅವಳು ಹತ್ತು ಸಲ ತಿರುಗಿಸಿ ಕೇಳಬೇಕಾಗಿತ್ತು. ಅಷ್ಟು ಹೊತ್ತೂ ಬೆರಳು ಸುಮ್ಮನಿರುತ್ತಿದ್ದವು. ಅದಕ್ಕೆ ತನ್ನದೇ ಲೆಕ್ಕ ಇಟ್ಟಳು: ಮಗ್ಗುಲಲ್ಲಿ ಒಂದು ಬಟ್ಟಲು, ಕಾಲು ತಾಸಿಗೊಂದು ತೊಗರಿ ಕಾಳು. ನೀರು ಕುಡಿಯಲು ಎದ್ದರೂ ಆ ಕಾಲು ತಾಸಿನ ಕಾಳು ಹಾಕುತ್ತಿರಲಿಲ್ಲ.

ಬಿಲ್ಲು ಕಳಿಸುವ ದಿನ ನೋಡಿದರೆ ಬಟ್ಟಲು ಖಾಲಿ.

“ಅತ್ತಿ, ಇದರಾಗಿನ ಕಾಳೆಲ್ಲಿ?”

ಸೋದರತ್ತೆ ಸುಭದ್ರಾಬಾಯಿ ಒಲೆಯ ಕಡೆ ಕೈ ಮಾಡಿದಳು. “ಸಾರಿನ್ಯಾಗ ಕುದಿಯಾಕತ್ತಾವ. ಹಿಡಿ ಕಾಳು ಕಾಯ್ಕೊಂಡು ಕುಂತಿದ್ದಿ, ಬಿತ್ತಾಕ ಇಟ್ಟಿದ್ದೇನಬೇ?”

“ನನ್ನ ಎರಡು ವಾರ ಇದ್ದುವು ಅತ್ತಿ ಅದರಾಗ.”

ಸುಭದ್ರಾಬಾಯಿಯ ಕೈಯ ಸೌಟು ನಿಂತಿತು.

ಕಚೇರಿಯಲ್ಲಿ ಬಿಲ್ಲು ನೋಡುವ ರಾಧಿಕಾ ಫೋನಿನಲ್ಲಿ ಕೇಳಿದಳು: “ಆ್ಯಪಿನ್ಯಾಗ ಒಂಬತ್ತು ತಾಸು ಐತಿ. ನೀವು ಮೂವತ್ತು ಅಂತೀರಿ. ಸಬೂತ್ ಏನೈತ್ರಿ?”

“ಇತ್ರಿ. ಸಾರಾಗಿ ಹೋತ್ರಿ.”

ಕಾಳಿನ ಕಥೆ ಕೇಳಿ ರಾಧಿಕಾ ನಕ್ಕಳು. ಮಧುಮತಿ ನಗಲಿಲ್ಲ. “ಮುತ್ಯಾನ ಮಾತಿನ ಹನ್ನೆರಡನೇ ನಿಮಿಷ ಒಂದ ನೀವ ಕೇಳಿ ಬರೀರಿ. ಆಮ್ಯಾಲ ಹೇಳ್ರಿ,” ಎಂದಳು.

ಮುಕ್ಕಾಲು ತಾಸಿನ ಮೇಲೆ ಫೋನು ಬಂತು. ರಾಧಿಕಾಳ ದನಿ ಸಣ್ಣದಾಗಿತ್ತು.

“ಅರ್ಧಾನೂ ಆಗಿಲ್ರಿ. ತಂಗಿ ಹೆಸರು ಹೇಳಿ ಸುಮ್ನಾಗ್ತಾನಲ್ರಿ ಮುತ್ಯಾ… ಅಲ್ಲಿಂದ ಮುಂದ ಹೋಗಾಕ ಆಗಲಿಲ್ಲ.”

“ನಾನೂ ಅಲ್ಲೇ ನಿಲ್ಲಿಸಿ ಕಟ್ಟಿ ಮ್ಯಾಲ ಹೋಗಿ ಕುಂತಿದ್ದೆ. ಅದನ್ನ ಲೆಕ್ಕಕ್ಕ ಹಿಡಿದಿಲ್ರಿ.”

ಆ ಕಡೆ ರಾಧಿಕಾ ಬಿಲ್ಲಿನ ಹಾಳೆ ತಿರುವಿದ ಸಪ್ಪಳ ಕೇಳಿತು. ಆಮೇಲೆ, “ಎಷ್ಟು ಬರೀಲಿ? ನೀವ ಹೇಳ್ರಿ.”

ನಲವತ್ತು ಎಂದಿದ್ದರೂ ನಡೆಯುತ್ತಿತ್ತು. ಹಿಂದಿನ ಶುಕ್ರವಾರ ಎಣಿಸಿದಾಗ ನೂರಿಪ್ಪತ್ತು ಕಾಳಿದ್ದವು, ಅಂದರೆ ಮೂವತ್ತು ತಾಸು. ಆಮೇಲೆ ಹಾಕಿದವು ಎಷ್ಟೋ, ನೆನಪಿರಲಿಲ್ಲ.

“ಮೂವತ್ತ ಬರೀರಿ. ಅದರ ಮ್ಯಾಲಿಂದು ನನಗೂ ಗೊತ್ತಿಲ್ಲ.”

“ಮೂವತ್ತು ಬರಕೊಂಡೀನ್ರಿ.”

ಊಟಕ್ಕೆ ಕೂತಾಗ ಸುಭದ್ರಾಬಾಯಿ ಆ ಸಾರನ್ನು ಬಡಿಸಲಿಲ್ಲ. ರೊಟ್ಟಿಗೆ ಶೇಂಗಾದ ಚಟ್ನಿಪುಡಿ ಹಾಕಿದಳು. ಊಟ ಮುಗಿಸಿ ಮಧುಮತಿ ಕೆಲಸಕ್ಕೆ ಬಂದರೆ ಬಟ್ಟಲಿನ ಪಕ್ಕ ಒಂದು ಮುಷ್ಟಿ ಹುಣಸೆ ಬೀಜ ಇದ್ದವು.

“ಇವನ್ನ ಯಾರೂ ಕುದಿಸಂಗಿಲ್ಲ,” ಎಂದಳು ಅತ್ತೆ, ಮುಖ ತೋರಿಸದೆ.

ಮಧುಮತಿ ಹೆಡ್‌ಫೋನು ಏರಿಸಿಕೊಂಡಳು. ಮಲ್ಕಪ್ಪ ಮುತ್ಯಾನ ಮಾತು ಇನ್ನೂ ಮುಗಿದಿರಲಿಲ್ಲ.