ಸೇತುವೆಯ ಕಲ್ಲು ಕೇಳಲು ಹೋದಾಕೆ

ಟಿಕೋಟಾದಲ್ಲಿ ನಮ್ಮ ನೆರೆಮನೆಯಾಕೆ ಮೊಸರು ಮಾರುತ್ತಿದ್ದಳು. ಊರಾಚೆಯ ಹಳ್ಳಕ್ಕೆ ಬಾದಶಾಹರ ಕಾಲದ ಕಲ್ಲಿನ ಸೇತುವೆಯಿತ್ತು. ಅದರ ಮೋಟುಗೋಡೆಯ ಮೇಲೆ ಗಡಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡೇ ಮುಂದೆ ಹೋಗುತ್ತಿದ್ದಳು. ಯಾರು ತಪ್ಪು ಮಾಡಿದರೂ ಅವಳದು ಒಂದೇ ಗದರಿಕೆ: "ಯಾರಪ್ಪನ ಆಸ್ತಿ ಇದು?"

ಅರವತ್ತರ ದಶಕದಲ್ಲಿ ಅಲ್ಲೊಂದು ಸರಕಾರಿ ಫಲಕ ಬಂತು: ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದವರಿಗೆ ಶಿಕ್ಷೆ. ಗೋಡೆಗೆ ಸಗಣಿಯ ಕುಳ್ಳು ಬಡಿದಿದ್ದಕ್ಕೆ ಸ್ಮಾರಕ ನೋಡಿಕೊಳ್ಳುವ ಇಲಾಖೆಯ ಸಾಹೇಬರೊಬ್ಬರು ಜನರೆದುರೇ ಅವಳನ್ನು ಬೈದರು. ಅವಳು ಕುಳ್ಳು ಕಿತ್ತು, ಗೋಡೆ ತೊಳೆದಳು.

ಆ ಬೇಸಿಗೆಯಲ್ಲೇ ಗುತ್ತಿಗೆದಾರನೊಬ್ಬ ಅದೇ ಗೋಡೆಯ ಕಲ್ಲು ಕೀಳಿಸಿ, ಹಾಡಹಗಲೇ ಗಾಡಿ ತುಂಬಿ, ತನ್ನ ಹೊಸ ಮನೆಗೆ ಸಾಗಿಸಿದ. ಯಾರೂ ತಡೆಯಲಿಲ್ಲ. ಗೃಹಪ್ರವೇಶದ ದಿನ ನಾವೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ ಅವಳು ಬಾಗಿಲಿಗೆ ಬಂದಳು. ಆ ಸಾಹೇಬರೂ ಉಣ್ಣುತ್ತಿದ್ದರು.

"ಸಾಹೇಬ್ರ, ನನ್ನ ಕುಳ್ಳಿನ ಕಲೆ ತೊಳದ್ರ ಹೋತು. ಈ ಹೊಸ್ತಲಕ್ಕ ಹಾಕಿದ ಕಲ್ಲು ಯಾರಪ್ಪನ ಆಸ್ತಿರಿ?"

"ಒಳಗ ಬಾ ಬೇ, ಉಂಡ ಹೋಗು," ಎಂದ ಗುತ್ತಿಗೆದಾರ ನಗುತ್ತ.

"ಕಳುವಿನ ಕಲ್ಲು ದಾಟಿ ನಾ ಒಳಗ ಬರಂಗಿಲ್ಲ!"

ಸಾಹೇಬರು ತಲೆ ಎತ್ತದೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅವಳು ತಿರುಗಿ ನಡೆದಳು.

ಕಲ್ಲು ಮರಳಿ ಬರಲೇ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದಾಗ, ಗೋಡೆ ಹೋದ ಜಾಗದಲ್ಲಿ ಅವಳೇ ನೆನೆಯುತ್ತ ನಿಂತು, ಗಾಡಿ ಹೊಡೆಯುವವರಿಗೆ ಕೂಗಿ ಹೇಳುತ್ತಿದ್ದಳು: "ಈ ಕಡಿ ಸರೀರಿ ಯಪ್ಪಾ, ಆ ಕಡಿ ಏನೂ ಇಲ್ಲ!"