ಮೆಟ್ಟಿಲು ಹತ್ತುವ ಗ್ಯಾಸು

ಆಗಸ್ಟ್ ೧೧, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬೀದರಿನ ಒಂದು ಆಸ್ಪತ್ರೆಯ ಬೆಂಚು.

ಒಳಗೆ ಅಪ್ಪನ ಎದೆಗೆ ವೈರು ಹಚ್ಚಿ ಇಸಿಜಿ ತೆಗೆಯುತ್ತಿದ್ದಾರೆ. ಹೊರಗೆ ನಾನು ಡೈರಿ ಬರೆಯುತ್ತಿದ್ದೇನೆ. ಹೆದರಿದಾಗ ಕೆಲವರು ದೇವರನ್ನು ನೆನೆಯುತ್ತಾರೆ. ನಾನು ಗೆರೆ ಎಳೆದು ಕಾಲಂ ಮಾಡುತ್ತೇನೆ.

ನಮ್ಮ ಕಡೆಯ ಗಂಡಸರಿಗೆ ಬರುವುದು ಒಂದೇ ಕಾಯಿಲೆ, ಗ್ಯಾಸು. ಬೆನ್ನು ಹಿಡಿದರೂ ಗ್ಯಾಸು, ತಲೆ ತಿರುಗಿದರೂ ಗ್ಯಾಸು. ಅವ್ವನ ಒಂದೊಂದು ನೋವಿಗೂ ಒಂದೊಂದು ಹೆಸರಿದೆ. ಅಪ್ಪನ ಎಲ್ಲ ನೋವಿಗೂ ಇದೊಂದೇ. ಅಪ್ಪನ ಅಪ್ಪ, ನಮ್ಮ ಮುತ್ಯಾನ ಕಾಲದಲ್ಲಿ ಇದನ್ನು ವಾಯು ಎನ್ನುತ್ತಿದ್ದರಂತೆ. ಅಡುಗೆಮನೆಗೆ ಸಿಲಿಂಡರ್ ಬಂದ ಮೇಲೆ ಹೊಟ್ಟೆಯ ವಾಯುವೂ ಹೆಸರು ಬದಲಿಸಿಕೊಂಡಿರಬೇಕು ಎಂಬುದು ನನ್ನ ಸಂಶೋಧನೆ. ಅನುಕೂಲವೆಂದರೆ, ಗ್ಯಾಸಿಗಾಗಿ ಯಾರೂ ಅಂಗಡಿ ಮುಚ್ಚಬೇಕಿಲ್ಲ. ಒಂದು ಸೋಡಾ ಸಾಕು.

ಅಪ್ಪನ ಹೊಲಿಗೆ ಅಂಗಡಿ ಇರುವುದು ಭಾಲ್ಕಿಯಲ್ಲಿ, ಮೊದಲ ಮಹಡಿಯ ಮೇಲೆ. ಹದಿನೆಂಟು ಮೆಟ್ಟಿಲು. ಅಪ್ಪ ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಕೆಳಗೆ ಸಲೀಂ ಭಾಯಿಯ ಸೋಡಾ ಅಂಗಡಿ. ಜುಲೈ ಮೊದಲ ವಾರದಿಂದ ಅಪ್ಪ "ಗ್ಯಾಸ್ ಆಗ್ಯಾದ" ಎಂದಾಗಲೆಲ್ಲ ತಾರೀಖು, ಸಮಯ, ಜಾಗ, ತಿಂದದ್ದು ಎಲ್ಲ ಬರೆದಿಟ್ಟೆ. ಬಜಿಯೋ ಬದನೆಕಾಯಿಯೋ, ಕಳ್ಳನನ್ನು ಹಿಡಿಯುವ ಹುಮ್ಮಸ್ಸು. ಹದಿನಾಲ್ಕು ಸಲವಾಯಿತು. ಹೋದ ಶನಿವಾರ ಪಟ್ಟಿ ತೆರೆದರೆ ತಿಂಡಿಯ ಕಾಲಂನಲ್ಲಿ ಒಂದಕ್ಕೊಂದು ತಾಳೆಯಿಲ್ಲ. ಜಾಗದ ಕಾಲಂನಲ್ಲಿ ಹದಿನಾಲ್ಕೂ ಸಲ ಒಂದೇ ಮಾತು: ಮೆಟ್ಟಿಲು. ಹತ್ತುವಾಗ. ಇಳಿಯುವಾಗ ಒಮ್ಮೆಯೂ ಇಲ್ಲ.

ಹೊಟ್ಟೆಯ ಗ್ಯಾಸಿಗೆ ಹತ್ತುವುದು ಯಾವುದು, ಇಳಿಯುವುದು ಯಾವುದು ಎಂದು ಹೇಗೆ ತಿಳಿಯುತ್ತದೆ? ಇದು ಹೊಟ್ಟೆಯದಲ್ಲ, ಎದೆಯದು ಎಂದು ಹೊಳೆಯಿತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ನಕಲು ಮಾಡಿದೆ, ಅಷ್ಟೇ.

ಬಾಯಿ ಬಿಟ್ಟವರು ಸಲೀಂ ಭಾಯಿ. ನಿನ್ನೆ ಅಪ್ಪ ಕೇಳಿದರೂ ಬಾಟಲಿ ತೆರೆಯಲಿಲ್ಲ.

"ಇವತ್ತ ಕೊಡಲ್ರಿ ಟೇಲರ್ ಸಾಬ್. ಖರೇ ಗ್ಯಾಸ್ ಇದ್ದಿದ್ರ ನನ್ನ ಸೋಡಾಕ ಯಾವಾಗೋ ಹೋಗ್ತಿತ್ತು."

"ನೀ ಧಂದಾ ಮಾಡ್ಲಾಕ ಕುಂತೀದ್ಯೋ, ಡಾಕ್ಟರಕಿ ಮಾಡ್ಲಾಕೋ?" ಎಂದು ಅಪ್ಪ ರೇಗಿದ.

"ಧಂದಾದ ಸಲುವಾಗೇ ಹೇಳ್ಲಾಕತ್ತೀನ್ರಿ. ಗಿರಾಕಿ ಉಳೀಬೇಕಲ್ರಿ?"

ಮಾತಿಗೆ ಮಾತು ಕೊಡುವ ಅಪ್ಪ ಮೆಟ್ಟಿಲ ಮೇಲೆ ಕುಳಿತು, ನಾಳೆ ಬೀದರಿಗೆ ಹೋಗೋಣ ಎಂದ. ಅದಕ್ಕೇ ನಾನು ಹೆಚ್ಚು ಹೆದರಿದೆ.

ಇವತ್ತು ಡಾಕ್ಟರು, "ಎಷ್ಟು ದಿನದಿಂದ?" ಎಂದು ಕೇಳಿದರು.

"ನಿನ್ನಿಯಿಂದ್ರಿ," ಎಂದ ಅಪ್ಪ.

ನಾನು ಡೈರಿಯನ್ನು ಮೇಜಿನ ಮೇಲಿಟ್ಟು, "ಹದಿನಾಲ್ಕು ಸಲ ಆಗ್ಯಾದ್ರಿ," ಎಂದೆ. ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಅಳತೆ ತಪ್ಪಿದ ಅಂಗಿಯನ್ನು ನೋಡುವಂತೆ ಪಟ್ಟಿಯ ಮೇಲೆ ಬೆರಳಾಡಿಸಿ, ಮೆಲ್ಲಗೆ ಹೇಳಿದ:

"ಹದಿನೇಳು. ಔರಾದಕ್ಕ ಮದ್ವಿಗಿ ಹೋದಾಗ ಮೂರು ಸಲ ಆಗಿತ್ತು. ಆವತ್ತ ನೀ ಇರ್ಲಿಲ್ಲ."

ಅಂದರೆ ಅಪ್ಪನೂ ಎಣಿಸುತ್ತಿದ್ದ! ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕುಳಿತು ಇಬ್ಬರೂ ಅದನ್ನೇ ಎಣಿಸಿದೆವು, ಒಬ್ಬರಿಗೊಬ್ಬರು ಹೇಳಲಿಲ್ಲ. ತನ್ನ ಹೆದರಿಕೆಗೆ ಅವನು ಗ್ಯಾಸು ಎಂದ. ನನ್ನದಕ್ಕೆ ನಾನು ಡೈರಿ ಎಂದೆ.

ಹತ್ತು ಐವತ್ತೆಂಟು. ಬಾಗಿಲು ಇನ್ನೂ ತೆರೆದಿಲ್ಲ.

ಮೆಟ್ಟಿಲು ಇಳಿಯುವಾಗಲೂ ಎದೆಗೆ ಗ್ಯಾಸು ಏರಿದವರು ಯಾರಾದರೂ ಇದ್ದರೆ ನನಗೊಂದು ಸಾಲು ಬರೆಯಿರಿ. ಆ ಕಾಲಂ ಖಾಲಿಯಿದೆ. ತುಂಬಿದರೆ ತುಸು ಧೈರ್ಯ ಬಂದೀತು. ಹತ್ತುವಾಗಷ್ಟೇ ಗ್ಯಾಸು ಏರುವವರು ಮಾತ್ರ ದಯವಿಟ್ಟು ಬರೆಯುತ್ತ ಕೂರಬೇಡಿ. ಮೊದಲು ಇಲ್ಲಿಗೆ ಬನ್ನಿ, ಬೆಂಚಿನ ಮೇಲೆ ಜಾಗವಿದೆ. ಬರೆಯುವುದನ್ನು ಇಲ್ಲೇ ಕೂತು ಬರೆಯಬಹುದು.