ಈಶಾನ್ಯ ಮೂಲೆಯ ಕೇಬಲ್

ಅಟ್ಟೂರಿನಲ್ಲಿ ನಾವು ಮನೆ ಕಟ್ಟಿದಾಗ ಪಕ್ಕದ ಸೈಟು ಖಾಲಿ ಬಿದ್ದಿತ್ತು. ಕರೆಂಟ್ ಕಂಬ ಇದ್ದದ್ದು ಆ ಸೈಟಿನ ಮುಂದೆ. ಕೇಬಲ್ಲನ್ನು ರಸ್ತೆಯಂಚಿನಲ್ಲಿ ತಂದು ನಮ್ಮ ಗೇಟಿನೊಳಗೆ ಇಳಿಸಬೇಕಿತ್ತು. ಆದರೆ ಆಗಷ್ಟೇ ಅಂಗಳಕ್ಕೆ ಕಲ್ಲು ಹಾಸಿಸಿದ್ದೆ, ಕೀಳಿಸಲು ಮನಸ್ಸು ಬರಲಿಲ್ಲ. ನನ್ನಾಕೆಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಪಕ್ಕದ ಸೈಟಿನ ಈಶಾನ್ಯ ಮೂಲೆಯನ್ನು ಓರೆಯಾಗಿ ಅಗೆಸಿ, ಕೇಬಲ್ ಹೂತು ಮಣ್ಣು ಮುಚ್ಚಿಸಿದೆ. ಆಳವೂ ಇಲ್ಲ, ಮೇಲೆ ರಕ್ಷಣೆಗೆ ಇಟ್ಟಿಗೆಯ ಸಾಲೂ ಇಲ್ಲ.

ಈಚೆಗೆ ಆ ಸೈಟು ಕೊಂಡ ಗಂಡ ಹೆಂಡತಿ ಮನೆಗೆ ಬಂದು, "ಅಂಕಲ್, ಗುರುವಾರ ಗುದ್ದಲಿ ಪೂಜೆ. ಆಂಟೀನೂ ಕರ್ಕೊಂಡು ಬನ್ನಿ" ಎಂದರು. ಆಗಲಿ ಎಂದೆ. ಕೇಬಲ್ಲಿನ ಮಾತು ಎತ್ತಲಿಲ್ಲ. ಜೆಸಿಬಿ ಬರುವುದು ಪೂಜೆಯ ಮರುದಿನ, ಅಷ್ಟರೊಳಗೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂಜೆ ಎಂದರೆ ಮಂತ್ರ, ಮಂಗಳಾರತಿ ಎಂದಷ್ಟೇ ನನ್ನ ತಲೆಯಲ್ಲಿತ್ತು.

ಗುರುವಾರ ಹೋಗಿ ನೋಡಿದರೆ ಪುರೋಹಿತರು ಈಶಾನ್ಯ ಮೂಲೆಯಲ್ಲೇ ಕೂತಿದ್ದಾರೆ. ಹಾಲು, ನೀರು ಹೊಯ್ದ ನೆಲ ಒದ್ದೆಯಾಗಿದೆ. ಗಂಡ ಹೆಂಡತಿ ಇಬ್ಬರೂ ಬರಿಗಾಲಲ್ಲಿ ನಿಂತಿದ್ದಾರೆ. ಗಂಡನ ಕೈಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಕಬ್ಬಿಣದ ಹಾರೆ.

ನನ್ನಾಕೆ ಪಕ್ಕೆ ತಿವಿದಳು. "ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

"ಹಾರೆ ಹಾಕ್ಬೇಡಿ!" ಎಂದು ಕೂಗಿದೆ. "ಹಿಂದಕ್ಕೆ ಬನ್ನಿ. ಕೆಳಗೆ ನಮ್ಮನೆ ಕರೆಂಟ್ ಇದೆ."

"ನಿಮ್ಮನೆ ಕರೆಂಟ್ ನಮ್ ಸೈಟಲ್ಲಿ ಏನ್ ಮಾಡ್ತಿದೆ ಅಂಕಲ್?" ಹಾರೆ ಹಿಡಿದವರು ಕೇಳಿದರು.

ನಡೆದದ್ದನ್ನೆಲ್ಲ ಹೇಳಿದೆ. ಅವರ ಹೆಂಡತಿ ತನ್ನ ಒದ್ದೆ ಪಾದಗಳನ್ನೊಮ್ಮೆ ನೋಡಿಕೊಂಡರು. "ಮೊನ್ನೆ ಕರೆಯೋಕೆ ಬಂದಾಗಾದ್ರೂ ಹೇಳ್ಬಾರ್ದಿತ್ತಾ?"

"ತಪ್ಪಾಯ್ತು ಕಣಮ್ಮ" ಎಂದೆ.

ನಮ್ಮ ಮೇನ್ ಸ್ವಿಚ್ ಆರಿಸಿದರೆ ಸಾಲದು, ಕಂಬದಿಂದ ಮನೆಯವರೆಗಿನ ಕೇಬಲ್ಲಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಲೈನ್‌ಮನ್‌ಗೆ ಫೋನ್ ಮಾಡಿದೆವು. ಆತ ಬಂದು ಕಂಬದಲ್ಲೇ ಫ್ಯೂಸ್ ತೆಗೆದ, ನಮ್ಮ ಮೀಟರಿನ ಹತ್ತಿರ ಕರೆಂಟ್ ಇಲ್ಲವೆಂದು ಪರೀಕ್ಷಿಸಿದ. ನಾನು ಪೂಜೆಯ ತಟ್ಟೆಯಿಂದ ರಂಗೋಲಿ ಪುಡಿ ತೆಗೆದುಕೊಂಡು, ಕಂಬದಿಂದ ನಮ್ಮ ಗೋಡೆಯವರೆಗೆ ನೆನಪಿದ್ದ ದಾರಿಗೆ ಗೆರೆ ಎಳೆದೆ. ನನ್ನ ನೆನಪನ್ನೇ ನಂಬಬೇಡಿ, ಎರಡೂ ಕಡೆ ಜಾಗ ಬಿಟ್ಟು ಹುಡುಕಿ ಎಂದೂ ಹೇಳಿದೆ.

"ರಾಹುಕಾಲ ಮಧ್ಯಾಹ್ನ. ಟೈಮಿದೆ, ನಿಧಾನಕ್ಕೆ ಅಗೀರಿ" ಎಂದು ಪುರೋಹಿತರು ನೆರಳಿಗೆ ಸರಿದು ಕೂತರು.

ಪೂಜೆಗೆ ಬಂದಿದ್ದ ಅವರ ಗಾರೆ ಕೆಲಸದಾತ ಹಾರೆ ಮುಟ್ಟದೆ, ಗಾರೆ ಕರಣೆಯಿಂದ ಮಣ್ಣನ್ನು ಪಕ್ಕದಿಂದ ಕೆರೆಯುತ್ತಾ ಬಂದ. ಒಂದು ಗೇಣು ಆಳದಲ್ಲಿ ಕಪ್ಪು ಕೇಬಲ್ ಕಂಡಿತು. ಗೆರೆಯಿಂದ ಮೊಳದಷ್ಟು ಆಚೆ, ಹಾರೆ ಬೀಳಬೇಕಿದ್ದ ಜಾಗದಲ್ಲೇ.

ಕೆಲಸದಾತ ತಲೆಯೆತ್ತಿ, "ತಾತಾ, ಇನ್ನೇನಾದ್ರೂ ಹೂತಿದ್ರೆ ಈಗ್ಲೇ ಹೇಳ್ಬಿಡಿ" ಎಂದ. ಎಲ್ಲರೂ ನಕ್ಕರು.

ನನಗೆ ನಗಲಾಗಲಿಲ್ಲ. "ನಮ್ಮನೆ ನೀರಿನ ಪೈಪೂ ಇದೇ ದಾರೀಲಿದೆ ಕಣಪ್ಪಾ" ಎಂದೆ.

ನನ್ನಾಕೆ ಹಣೆ ಚಚ್ಚಿಕೊಂಡಳು. ಸೈಟಿನವರ ಹೆಂಡತಿ ಒಂದು ಕುರ್ಚಿ ಎಳೆದು ತಂದು ಗುಂಡಿಯ ಪಕ್ಕ ಹಾಕಿದರು. "ಇಲ್ಲೇ ಕೂತ್ಕೊಳ್ಳಿ ಅಂಕಲ್. ಪೈಪ್ ಸಿಗೋವರ್ಗೂ ಏಳಂಗಿಲ್ಲ." ಗದರಿದರೂ ಸಿಟ್ಟು ಇಳಿದಿತ್ತು.

ಕೂತೆ. ಇನ್ನೊಂಚೂರು ಎಡಕ್ಕೆ, ಮೆಲ್ಲಗೆ, ಎಂದು ಕೆಲಸದಾತನಿಗೆ ಹೇಳುತ್ತಾ, ಅವರೇ ತಂದುಕೊಟ್ಟ ಕಾಫಿ ಕುಡಿಯುತ್ತಾ, ಬಿಸಿಲಿನಲ್ಲಿ ನೆಮ್ಮದಿಯಾಗಿ ಕೂತಿದ್ದೆ.